ಹೊಗೆ ಹೋಯಿತು, ಕಿಟಕಿಯೂ ಹೋಯಿತು

ಕಳೆದ ಮಳೆಗಾಲದ ಒಂದು ಬೆಳಗ್ಗೆ. ಬೊರಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಎರಚಲು ಹೊಡೆಯುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ನಾನು ಆಫೀಸಿನ ಕಾಲ್‌ನಲ್ಲಿದ್ದಾಗ ಹಾಲು ಉಕ್ಕಿ ಒಲೆ ಆರಿತ್ತು. ಸಿಲಿಂಡರಿನ ಗ್ಯಾಸ್ ಮಾತ್ರ ಬರುತ್ತಲೇ ಇತ್ತು. ವಾಸನೆಗೆ ಓಡಿಬಂದು ಎಕ್ಸಾಸ್ಟ್ ಫ್ಯಾನಿನ ಸ್ವಿಚ್‌ಗೆ ಕೈಹಾಕುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದರು. "ಸ್ವಿಚ್ ಮುಟ್ಟಬೇಡ, ಮೊದಲು ಕಿಟಕಿ ತೆಗೆ" ಎನ್ನುತ್ತಾ ರೆಗ್ಯುಲೇಟರ್ ಬಂದ್ ಮಾಡಿದರು. ಎಂ.ಟೆಕ್. ಓದಿದ ನನಗೆ ಆ ಕ್ಷಣಕ್ಕೆ ಹೊಳೆಯದ್ದು ಅವರಿಗೆ ಹೇಗೆ ಹೊಳೆಯಿತು?

ಉತ್ತರ ಈ ಊರಿನ ಚರಿತ್ರೆಯಲ್ಲಿದೆ. 1896ರ ಪ್ಲೇಗ್ ಮುಂಬಯಿಗೆ ಗಾಳಿ-ಬೆಳಕಿನ ಬೆಲೆ ಕಲಿಸಿತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು; ಮುಂದೆ ನಮ್ಮವರು ನೆಲೆನಿಂತ ದಾದರ್, ಮಾಟುಂಗದ ಬಡಾವಣೆಗಳು ಅದರ ಯೋಜನೆಯಿಂದಲೇ ಬಂದವು. ಆದರೆ ಚಾಳಿನ ಒಂದೇ ಕೋಣೆಯಲ್ಲಿ ಅಡುಗೆ, ಊಟ, ನಿದ್ದೆ ಎಲ್ಲವೂ. ಇದ್ದಲಿನ ಸಿಗಡಿ, ಸೀಮೆಎಣ್ಣೆ ಸ್ಟೌಗಳ ಹೊಗೆ ಕಣ್ಣು ಉರಿಸುತ್ತಿತ್ತು. ಬಾಗಿಲು ತೆರೆಯಿರಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

1955ರಲ್ಲಿ ಬರ್ಮಾ ಶೆಲ್ ಕಂಪನಿ ಮುಂಬಯಿಯಲ್ಲಿ 'ಬರ್ಶೇನ್' ಹೆಸರಿನ ಅಡುಗೆ ಅನಿಲವನ್ನು ಮಾರತೊಡಗಿತು. 1976ರಲ್ಲಿ ಸರಕಾರದ ವಶವಾದ ಆ ಕಂಪನಿಯೇ ಇಂದಿನ ಭಾರತ್ ಪೆಟ್ರೋಲಿಯಂ. ಹೊಗೆ ಹೋದ ಹಾಗೆ ಎಚ್ಚರವೂ ಸಡಿಲವಾಯಿತು. ಸಿಲಿಂಡರಿನಲ್ಲಿರುವ ಪ್ರೊಪೇನ್, ಬ್ಯುಟೇನ್ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ನಮಗೆ ಬರುವ ವಾಸನೆ ಬೆರೆಸಿದ ಮರ್‌ಕ್ಯಾಪ್ಟನ್‌ನದು. ಗಾಳಿಗಿಂತ ಭಾರವಾದ ಈ ಅನಿಲ ನೆಲಮಟ್ಟದಲ್ಲಿ ಹರಡುತ್ತದೆ. ಸ್ವಿಚ್ಚಿನ ಒಂದು ಕಿಡಿ ಸಾಕು.

1995ರಲ್ಲಿ ಸ್ಥಾಪನೆಯಾದ ಮಹಾನಗರ ಗ್ಯಾಸ್ ಮನೆಮನೆಗೆ ಪೈಪ್ ತಂದಿತು. ಅದರಲ್ಲಿ ಬರುವುದು ಬಹುಪಾಲು ಮೀಥೇನ್. ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಆದ್ದರಿಂದ ಸಿಲಿಂಡರ್ ಇರುವ ಮನೆಗೆ ನೆಲದ ಬಳಿ ಗಾಳಿಕಿಂಡಿ ಬೇಕು, ಪೈಪ್ ಗ್ಯಾಸಿನ ಮನೆಗೆ ಮೇಲ್ಗಡೆ. ಯಾವ ಗ್ಯಾಸೇ ಇರಲಿ, ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಯಾವ ವಾಸನೆಯೂ ಇಲ್ಲ.

ಅತ್ತೆ ಲಾಲ್‌ಬಾಗ್‌ನ ಚಾಳಿಗೆ ಸೊಸೆಯಾಗಿ ಬಂದವರು. "ಹೊಗೆ ಇದ್ದಾಗ ಅದೇ ಎಬ್ಬಿಸುತ್ತಿತ್ತು, ಗ್ಯಾಸ್ ಬಂದ ಮೇಲೆ ನಾವೇ ಎಚ್ಚರ ಇರಬೇಕಾಯಿತು" ಎನ್ನುತ್ತಾರೆ. ಸಿಲಿಂಡರ್ ಸೋರಿಕೆಯ ಸಹಾಯವಾಣಿ 1906 ಈಗ ನಮ್ಮ ಫ್ರಿಜ್ ಮೇಲಿದೆ. ಮನೆಯ ಹೊರಗೆ ಬಂದು ಕರೆ ಮಾಡಬೇಕೆಂಬುದೂ ಎಲ್ಲರಿಗೆ ಗೊತ್ತಿದೆ. ಜಾಗ ಸಿಗಲೆಂದು ಡ್ರೈ ಬಾಲ್ಕನಿಗೆ ಹಾಕಿಸಿದ್ದ ಗಾಜನ್ನು ತೆಗೆಸಿದ್ದೇವೆ. ಮಳೆ ಬಂದರೆ ನೆಲ ಒರೆಸುತ್ತೇವೆ, ಅಷ್ಟೇ.