ಮೇಡಾಫ್, ರೇ ಡಿ.

ಅಮೆರಿಕದ ಕಾನೂನು ವಿದ್ವಾಂಸೆ, ಬಾಸ್ಟನ್ ಕಾಲೇಜ್ ಲಾ ಸ್ಕೂಲಿನ ಪ್ರಾಧ್ಯಾಪಕಿ. ತೆರಿಗೆ, ಉಯಿಲು ಮತ್ತು ದತ್ತಿ ಕಾನೂನು ಇವರ ಕ್ಷೇತ್ರಗಳು. ಸತ್ತವರ ಇಚ್ಛೆಗೆ ಅಮೆರಿಕದ ಕಾನೂನು ಕೊಡುತ್ತಿರುವ ಬಲವನ್ನು ಪರಿಶೀಲಿಸುವ ‘ಇಮ್ಮಾರ್ಟಾಲಿಟಿ ಅಂಡ್ ದಿ ಲಾ’ 2010ರಲ್ಲಿ ಪ್ರಕಟವಾಯಿತು.

ಇವರು ಹೆಚ್ಚು ಹೆಸರಾದದ್ದು ‘ದಾನಿ ಸಲಹಾ ನಿಧಿ’ಗಳ ವಿಮರ್ಶೆಯಿಂದ. ಇಂಥ ನಿಧಿಗೆ ಹಣ ಹಾಕಿದ ದಾನಿಗೆ ತೆರಿಗೆ ವಿನಾಯಿತಿ ಆ ವರ್ಷವೇ ದಕ್ಕುತ್ತದೆ. ಹಣ ಅಲ್ಲಿಂದ ಶಾಲೆಗೋ ಆಸ್ಪತ್ರೆಗೋ ಯಾವಾಗ ತಲುಪಬೇಕೆಂಬ ಗಡುವು ಮಾತ್ರ ಕಾನೂನಿನಲ್ಲಿಲ್ಲ. ಖಾಸಗಿ ಪ್ರತಿಷ್ಠಾನಗಳು ವರ್ಷಕ್ಕೆ ಆಸ್ತಿಯ ಸುಮಾರು ಶೇ. 5ರಷ್ಟನ್ನು ವಿನಿಯೋಗಿಸಲೇಬೇಕು. ಆದರೆ ಆ ಮೊತ್ತವನ್ನು ಇಂಥದೇ ನಿಧಿಗೆ ವರ್ಗಾಯಿಸಿಯೂ ಲೆಕ್ಕ ತುಂಬಿಸಬಹುದು! ಬೊಕ್ಕಸ ಬಿಟ್ಟುಕೊಟ್ಟ ತೆರಿಗೆಯ ಹೊರೆ ಉಳಿದ ನಾಗರಿಕರ ಮೇಲೆ ಬೀಳುವುದರಿಂದ, ದಾನದ ಫಲ ಸಮಾಜಕ್ಕೆ ಸಕಾಲದಲ್ಲಿ ಸಿಗಬೇಕೆಂಬುದು ಮೇಡಾಫ್ ಅವರ ವಾದ. ಕಾಯುತ್ತ ಕೂತ ಸಂಸ್ಥೆಗಳ ಕಡೆಯಿಂದ ನೋಡಿದರೆ ಇದು ತೀರ ನ್ಯಾಯವಾದ ಬೇಡಿಕೆ. ಗಡುವು ವಿಧಿಸಿದರೆ ದಾನವೇ ಕುಗ್ಗೀತೆಂದು ನಿಧಿಗಳ ಪರ ಇರುವವರು ಆಕ್ಷೇಪಿಸುತ್ತಾರೆ.

ಕೋಟ್ಯಧಿಪತಿ ದಾನಿ ಜಾನ್ ಅರ್ನಾಲ್ಡ್ ಮೊದಲಾದವರೊಡನೆ ಸೇರಿ ಇವರು ಸುಧಾರಣೆಯ ಪ್ರಸ್ತಾಪ ರೂಪಿಸಿದರು. ಅದೇ ಜಾಡಿನಲ್ಲಿ 2021ರಲ್ಲಿ ಸೆನೆಟರುಗಳಾದ ಆಂಗಸ್ ಕಿಂಗ್ ಮತ್ತು ಚಕ್ ಗ್ರಾಸ್ಲಿ ಮಸೂದೆ ಮಂಡಿಸಿದರು. ವಿನಾಯಿತಿಯನ್ನು ಮೊದಲೇ ಪಡೆಯುವವರ ಹಣ 15 ವರ್ಷಗಳೊಳಗೆ ಹಂಚಿಕೆಯಾಗಬೇಕೆಂಬುದು ಅದರ ಮುಖ್ಯ ಅಂಶಗಳಲ್ಲೊಂದು. ಮಸೂದೆ ಕಾನೂನಾಗಲಿಲ್ಲ.

ಸಿರಿವಂತರು ತೆರಿಗೆಯಿಂದ ಪಾರಾಗುವ ಬಗೆಯನ್ನು ವಿವರಿಸುವ ‘ದಿ ಸೆಕೆಂಡ್ ಎಸ್ಟೇಟ್’ 2025ರಲ್ಲಿ ಹೊರಬಂತು.