ಪ್ರವಾಸಿಯ ಸ್ಕೆಚ್‌ಬುಕ್: ಆಂಟ್‌ವರ್ಪ್‌ನಿಂದ ವೆನಿಸ್‌ವರೆಗೆ

ಪ್ರವಾಸದಲ್ಲಿ ಕಂಡದ್ದನ್ನು ಸ್ಥಳದಲ್ಲೇ ಪುಟ್ಟ ಪುಸ್ತಕದಲ್ಲಿ ಚಿತ್ರಿಸಿಟ್ಟುಕೊಳ್ಳುವ ರೂಢಿಗೆ ಯುರೋಪಿನಲ್ಲಿ ಉಳಿದಿರುವ ಹಳೆಯ ಸಾಕ್ಷಿಗಳಲ್ಲೊಂದು ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್‌ನ ಸ್ಕೆಚ್‌ಬುಕ್. 1520ರ ಜುಲೈನಲ್ಲಿ ಆತ ಹೆಂಡತಿ ಆಗ್ನೆಸ್‌ಳೊಂದಿಗೆ ನ್ಯೂರೆಂಬರ್ಗ್‌ನಿಂದ ಹೊರಟು ಆಂಟ್‌ವರ್ಪ್ ಸೇರಿದ. ಹಳೆಯ ಚಕ್ರವರ್ತಿ ಕೊಡುತ್ತಿದ್ದ ವರ್ಷಾಶನವನ್ನು ಹೊಸ ಚಕ್ರವರ್ತಿ ಐದನೇ ಚಾರ್ಲ್ಸ್‌ನಿಂದ ಊರ್ಜಿತ ಮಾಡಿಸಿಕೊಳ್ಳುವುದು ಪ್ರಯಾಣದ ನೆಪ. ಆಂಟ್‌ವರ್ಪ್ ಆಗ ಹಡಗು, ಸರಕು, ಪರದೇಶದ ವರ್ತಕರಿಂದ ಗಿಜಿಗುಡುತ್ತಿದ್ದ ಬಂದರು. ಡ್ಯೂರರ್ ಒಂದು ಪುಸ್ತಕದಲ್ಲಿ ದಿನದ ಖರ್ಚುವೆಚ್ಚ, ಭೇಟಿಗಳನ್ನು ಬರೆದ. ಇನ್ನೊಂದರಲ್ಲಿ ಬೆಳ್ಳಿಯ ಮೊನೆಯಿಂದ ಮನುಷ್ಯರ ಮುಖ, ಆಖೆನ್ ಪಟ್ಟಣದ ಪುರಭವನ, ಘೆಂಟ್‌ನಲ್ಲಿ ಕಂಡ ಸಿಂಹಗಳನ್ನು ಬಿಡಿಸಿದ. ಮೂಳೆಯ ಬೂದಿ ಬೆರೆಸಿದ ಲೇಪ ಹಚ್ಚಿದ ಕಾಗದದ ಮೇಲೆ ಬೆಳ್ಳಿ ತೆಳುವಾದ ಗೆರೆ ಮೂಡಿಸುತ್ತದೆ. ಶಾಯಿಯ ಕುಡಿಕೆ ಹೊರಬೇಕಿಲ್ಲ, ಕೈ ತಾಗಿದರೆ ಗೆರೆ ಕಲೆಸಿಹೋಗುವುದಿಲ್ಲ. ಆದರೆ ತಪ್ಪಿದ ಗೆರೆಯನ್ನು ಅಳಿಸಲು ಬಾರದು. ಆ ಪುಸ್ತಕದ ಹಾಳೆಗಳು ಇಂದು ಬೇರೆ ಬೇರೆ ವಸ್ತುಸಂಗ್ರಹಾಲಯಗಳಲ್ಲಿ ಚದುರಿವೆ.

ಈ ರೂಢಿ ಕಲಾವಿದರ ವಲಯ ದಾಟಿ ಸಾಮಾನ್ಯ ಪ್ರವಾಸಿಗಳಿಗೆ ತಲುಪಲು ಸಾಮಗ್ರಿ ಹಗುರವಾಗಬೇಕಿತ್ತು. ಲಂಡನ್ನಿನ ರೀವ್ಸ್ ಸಹೋದರರು ಗಟ್ಟಿ ಬಿಲ್ಲೆಯ ರೂಪದಲ್ಲಿ ಮಾರಿದ ಜಲವರ್ಣಕ್ಕೆ 1781ರಲ್ಲಿ ಸೊಸೈಟಿ ಆಫ್ ಆರ್ಟ್ಸ್‌ನ ಪುರಸ್ಕಾರ ಸಿಕ್ಕಿತು. ಬಣ್ಣವನ್ನು ಅರೆಯುವ ಕೆಲಸ ತಪ್ಪಿ, ಡಬ್ಬಿ ಜೇಬು ಸೇರಿತು. ಯುದ್ಧದಿಂದಾಗಿ ಇಂಗ್ಲೆಂಡಿನ ಗ್ರಾಫೈಟ್ ಫ್ರಾನ್ಸಿಗೆ ಬರುವುದು ನಿಂತಾಗ ನಿಕೋಲಾ ಜಾಕ್ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು 1795ರಲ್ಲಿ ಹೊಸ ಪೆನ್ಸಿಲ್ ತಂದ. ಮಣ್ಣಿನ ಪ್ರಮಾಣ ಬದಲಿಸಿದರೆ ಗಡಸು, ಮೆದು ಎರಡೂ ಸಾಧ್ಯವಾದವು.

ಊರುಗಳನ್ನು ಚಿತ್ರಿಸಿದವರೆಲ್ಲ ವಿಹಾರಕ್ಕೆ ಬಂದವರಲ್ಲ ಎಂಬುದನ್ನು ಕನ್ನಡಿಗರು ಮರೆಯಬಾರದು. ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ದಂಡಿನೊಂದಿಗೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ಬೆಂಗಳೂರು ಕೋಟೆಯ ನೋಟಗಳನ್ನು ಬಿಡಿಸಿದ್ದು ಟಿಪ್ಪುವಿನ ವಿರುದ್ಧದ ಯುದ್ಧದ ಕಾಲದಲ್ಲಿ. ಅವು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು.

ನಗರದ ಸ್ಕೆಚ್‌ಬುಕ್ಕಿನ ಶಕ್ತಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಂಗ್ಲಿಷ್ ಚಿತ್ರಕಾರ ಜೆ. ಎಂ. ಡಬ್ಲ್ಯು. ಟರ್ನರ್‌ನಲ್ಲಿ. ಆತ ವೆನಿಸ್‌ಗೆ ಹೋದದ್ದು ಮೂರೇ ಸಲ: 1819, 1833 ಮತ್ತು 1840. ಮೂರೂ ಸೇರಿ ಅಲ್ಲಿ ಕಳೆದದ್ದು ಒಂದು ತಿಂಗಳಿಗೂ ಕಡಿಮೆ. ಮೊದಲ ಸಲ ಸಿಕ್ಕ ಕೆಲವೇ ದಿನಗಳಲ್ಲಿ ದೋಣಿಯಿಂದ, ಸೇತುವೆಯಿಂದ, ಕಾಲುವೆಯ ದಂಡೆಯಿಂದ ಪುಟದ ಮೇಲೆ ಪುಟ ತುಂಬಿಸಿದ. ಒಂದು ಪುಟದಲ್ಲಿ ಜಾಗ ಸಾಲದಿದ್ದರೆ ಕಟ್ಟಡದ ಸಾಲು ಪಕ್ಕದ ಪುಟಕ್ಕೆ ಹರಿಯುತ್ತಿತ್ತು. ಬಯಲಲ್ಲಿ ನಿಂತು ಬಣ್ಣ ಹಚ್ಚುವುದಕ್ಕೆ ಹೊತ್ತು ಹಿಡಿಯುತ್ತದೆ, ಒಂದು ಬಣ್ಣದ ಚಿತ್ರದ ಹೊತ್ತಿನಲ್ಲಿ 15-16 ಪೆನ್ಸಿಲ್ ಚಿತ್ರ ಬಿಡಿಸಬಹುದು ಎಂದು ಆತ ಆ ಪ್ರವಾಸದಲ್ಲೇ ನೇಪಲ್ಸ್‌ನಲ್ಲಿ ಹೇಳಿದ್ದು ಸಮಕಾಲೀನರೊಬ್ಬರ ಪತ್ರದಲ್ಲಿ ದಾಖಲಾಗಿದೆ. ಜನ, ದೋಣಿ, ನೆರಳು ಯಾವುದೂ ಒಂದೆಡೆ ನಿಲ್ಲದ ನಗರದಲ್ಲಿ ಇದು ಸರಿಯಾದ ಲೆಕ್ಕಾಚಾರವೇ. ಬಣ್ಣವನ್ನು ನೆನಪು ತುಂಬಿಕೊಡಬಲ್ಲದು. ಗೋಪುರಕ್ಕೂ ಗುಮ್ಮಟಕ್ಕೂ ನಡುವಿನ ಅಂತರವನ್ನು ಅಲ್ಲೇ ಗುರುತಿಸಿಕೊಳ್ಳದಿದ್ದರೆ ಅದು ಮತ್ತೆ ಸಿಗದು. ವರ್ಷಗಳ ನಂತರ ಲಂಡನ್ನಿನಲ್ಲಿ ಮೂಡಿದ ವೆನಿಸ್‌ನ ತೈಲಚಿತ್ರಗಳಿಗೆ ಈ ಪುಟಗಳೇ ಆಧಾರವಾದವು. ಟರ್ನರ್ ತೀರಿಕೊಂಡ ಮೇಲೆ ಸುಮಾರು 300 ಸ್ಕೆಚ್‌ಬುಕ್‌ಗಳು ಬ್ರಿಟಿಷ್ ರಾಷ್ಟ್ರದ ಸ್ವತ್ತಾದವು. ಈಗ ಅವು ಟೇಟ್ ಸಂಗ್ರಹಾಲಯದಲ್ಲಿವೆ.

ಅದೇ ವೆನಿಸ್‌ನಲ್ಲಿ ಕಲಾವಿಮರ್ಶಕ ಜಾನ್ ರಸ್ಕಿನ್ 1849ರ ಚಳಿಗಾಲದಿಂದ ಕಂಬ, ಕಮಾನು, ಕಿಟಕಿಗಳನ್ನು ಒಂದೊಂದಾಗಿ ಅಳೆದು ಚಿತ್ರಿಸಿದ. ಟರ್ನರ್‌ನ ಅವಸರಕ್ಕೆ ಇದು ಪೂರಾ ವಿರುದ್ಧ. ಚಿತ್ರ ಬಿಡಿಸುವುದನ್ನು ಕಲಿಯಬೇಕಾದದ್ದು ಕಲಾವಿದರಾಗಲಿಕ್ಕಲ್ಲ, ಚೆನ್ನಾಗಿ ನೋಡಲಿಕ್ಕೆ ಎಂಬ ನಿಲುವಿನಿಂದ ಆತ 1857ರಲ್ಲಿ ಹೊಸಬರಿಗಾಗಿ ಒಂದು ಪಾಠಪುಸ್ತಕ ಬರೆದ. ಹವ್ಯಾಸಿ ಪ್ರವಾಸಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಮತ್ತೊಂದಿಲ್ಲ. 1888ರಲ್ಲಿ ಕೊಡಕ್ ಕ್ಯಾಮೆರಾ ಬಂತು. ಒಂದೇ ಸುರುಳಿಯಲ್ಲಿ 100 ಚಿತ್ರ ತೆಗೆಯಬಹುದಾಗಿದ್ದರಿಂದ ನೆನಪಿಗಾಗಿ ಚಿತ್ರ ಬಿಡಿಸುತ್ತಿದ್ದವರು ಕ್ರಮೇಣ ಕಡಿಮೆಯಾದರು. ಕಲಿಯಲು ಬಿಡಿಸುವವರು ಮಾತ್ರ ಉಳಿದರು. 1911ರಲ್ಲಿ ಇಸ್ತಾಂಬುಲ್, ಅಥೆನ್ಸ್‌ಗಳನ್ನು ಸುತ್ತಿದ ಯುವ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಬಳಿ ಕ್ಯಾಮೆರಾ ಇದ್ದರೂ ಆತ ಸ್ಕೆಚ್‌ಬುಕ್ ಕೈಬಿಡಲಿಲ್ಲ.

2007ರಲ್ಲಿ ಸಿಯಾಟಲ್‌ನ ಪತ್ರಕರ್ತ, ಚಿತ್ರಕಾರ ಗೇಬ್ರಿಯಲ್ ಕಾಂಪನಾರಿಯೊ ನಗರಗಳನ್ನು ಸ್ಥಳದಲ್ಲೇ ಚಿತ್ರಿಸುವವರನ್ನು ಅರ್ಬನ್ ಸ್ಕೆಚರ್ಸ್ ಹೆಸರಿನಲ್ಲಿ ಒಟ್ಟುಗೂಡಿಸಿದರು. ಫೋಟೋ ನೋಡಿ ಬಿಡಿಸುವಂತಿಲ್ಲ, ಕಣ್ಣೆದುರಿನ ದೃಶ್ಯವನ್ನೇ ಬಿಡಿಸಬೇಕು ಎಂಬುದು ಅವರ ಮೊದಲ ನಿಯಮ. 2010ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಅದರ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಬೆಂಗಳೂರಿನಲ್ಲೂ ಹೀಗೆ ಒಟ್ಟಾಗಿ ಊರನ್ನು ಚಿತ್ರಿಸುವ ಗುಂಪುಗಳಿವೆ.