ನೆಲದ ಜಾಡು, ಗಣಕದ ಹಾದಿ: ಉಗ್ರಾಣದ ಚಾಲಕರಹಿತ ಬಂಡಿಗಳ ಚರಿತ್ರೆ

ಸರಕು ಸಾಗಣೆಯೆಂಬ ಕ್ರಿಯೆಗೆ ಬಂಡಿ, ಹಾದಿ ಮತ್ತು ಬಂಡಿ ಹೊಡೆಯುವವನು ಎಂಬ ಮೂರು ಅಂಗಗಳಿವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅನೇಕ ಕಾರ್ಖಾನೆ ಮತ್ತು ಉಗ್ರಾಣಗಳೊಳಗೆ ಮೂರನೆಯ ಅಂಗವು ಮರೆಯಾಗತೊಡಗಿತು. ಚಾಲಕನೊಂದಿಗೆ ಅವನ ತಿಳಿವಳಿಕೆಯೂ ಅಳಿಯಿತೆ, ಇಲ್ಲವೆ ಬೇರೊಂದೆಡೆಗೆ ಸ್ಥಳಾಂತರಗೊಂಡಿತೆ ಎಂಬುದು ವೃತ್ತಿ ಜಾನಪದದ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆ. ಚಾಲಕರಹಿತ ಬಂಡಿಗಳ ನಮ್ಯ ನಿಯಂತ್ರಣ, ಅಂದರೆ ಸಂದರ್ಭಕ್ಕೆ ತಕ್ಕಂತೆ ಹಾದಿಯನ್ನೂ ಸರದಿಯನ್ನೂ ಬದಲಿಸಿಕೊಳ್ಳುವ ವ್ಯವಸ್ಥೆಯು ಬೆಳೆದುಬಂದ ಬಗೆಯನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದ ಜಾನಪದ ವಿದ್ವಾಂಸ ರಾಬರ್ಟ್ ಮೆಕಾರ್ಲ್ 1978ರಲ್ಲಿ ವೃತ್ತಿ ಜಾನಪದವನ್ನು ಕುರಿತು ಬರೆಯುತ್ತ, ಕೆಲಸದ ತಂತ್ರವನ್ನೇ ವೃತ್ತಿ ಸಮುದಾಯದ ಸಂಪ್ರದಾಯದ ತಿರುಳಾಗಿ ಗುರುತಿಸಿದರು. ಈ ತಂತ್ರವು ಹೆಚ್ಚಾಗಿ ಬರೆದಿಟ್ಟದ್ದಲ್ಲ. ಕಂಡು, ಮಾಡಿ, ತಪ್ಪಿ ಕಲಿತದ್ದು. ಇಕ್ಕಟ್ಟಾದ ಓಣಿಯಲ್ಲಿ ಎದುರುಬದುರಾದಾಗ ಯಾರು ದಾರಿ ಬಿಡಬೇಕು, ಯಾವ ಸರಕು ಕೈಗೆ ಹತ್ತಿರವಿರಬೇಕು, ಯಾವುದನ್ನು ಹಿಂದಕ್ಕೆ ಸರಿಸಬಹುದು ಎಂಬುದನ್ನು ಅನುಭವಿಯಾದ ಫೋರ್ಕ್‌ಲಿಫ್ಟ್ ಚಾಲಕನು ಬಲ್ಲ. ಚಾಲಕನಿಲ್ಲದ ಬಂಡಿಯು ಈ ತೀರ್ಮಾನಗಳನ್ನು ಬೇರೊಂದು ಮೂಲದಿಂದ ಪಡೆಯಲೇಬೇಕಾಯಿತು.

ನೆಲದಲ್ಲಿ ಹುದುಗಿದ ಜಾಡು

ಇಂತಹ ಬಂಡಿಗಳ ಚರಿತ್ರೆಯು 1950ರ ದಶಕದ ಮೊದಲ ವರ್ಷಗಳಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಬ್ಯಾರೆಟ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಿಂದ ಆರಂಭವಾಗುತ್ತದೆ. ಸರಕಿನ ತೇರುಬಂಡಿಗಳನ್ನು ಎಳೆಯುವ ಟ್ರ್ಯಾಕ್ಟರನ್ನು ಮಾರ್ಪಡಿಸಿ, ಅದು ತಂತಿಯ ಜಾಡು ಹಿಡಿದು ತಾನಾಗಿ ಸಾಗುವಂತೆ ಈ ಸಂಸ್ಥೆ ರೂಪಿಸಿತು. 1954ರಲ್ಲಿ ದಕ್ಷಿಣ ಕೆರೊಲಿನಾದ ಮರ್ಕ್ಯುರಿ ಮೋಟಾರ್ ಫ್ರೈಟ್ ಎಂಬ ಸರಕು ಸಾಗಣೆ ಸಂಸ್ಥೆಯಲ್ಲಿ ಅದು ಬಳಕೆಗೆ ಬಂದಿತು.

ಮುಂದಿನ ದಶಕಗಳಲ್ಲಿ ನೆಲದೊಳಗಿನ ತಂತಿಯೇ ಪ್ರಧಾನ ಕ್ರಮವಾಯಿತು. ನೆಲವನ್ನು ಸೀಳಿ ಹುದುಗಿಸಿದ ತಂತಿಯಲ್ಲಿ ಪರ್ಯಾಯ ವಿದ್ಯುತ್ತು ಹರಿದಾಗ ಅದರ ಸುತ್ತ ಕಾಂತಕ್ಷೇತ್ರ ಉಂಟಾಗುತ್ತದೆ. ಬಂಡಿಯ ಅಡಿಯಲ್ಲಿರುವ ಎರಡು ಸುರುಳಿಗಳು ಆ ಕ್ಷೇತ್ರವನ್ನು ಸಮನಾಗಿ ಗ್ರಹಿಸಿದರೆ ಬಂಡಿ ನೇರವಾಗಿದೆ ಎಂದರ್ಥ. ವ್ಯತ್ಯಾಸ ಕಂಡರೆ ಚುಕ್ಕಾಣಿ ತಿರುಗುತ್ತದೆ. ಕವಲುಗಳಲ್ಲಿ ಬೇರೆ ಬೇರೆ ಆವರ್ತನಗಳ ತಂತಿಗಳಿದ್ದು, ಯಾವ ಆವರ್ತನವನ್ನು ಅನುಸರಿಸಬೇಕೆಂಬ ಸೂಚನೆಯಂತೆ ಬಂಡಿ ಹಾದಿ ಹಿಡಿಯುತ್ತಿತ್ತು. ಈ ವ್ಯವಸ್ಥೆ ನಂಬಿಕೆಗೆ ಅರ್ಹವಾಗಿದ್ದರೂ ಅದರಲ್ಲಿ ನಮ್ಯತೆ ತೀರ ಕಡಿಮೆ. ಹಾದಿಯನ್ನು ಬದಲಿಸಬೇಕಾದರೆ ನೆಲವನ್ನೇ ಮತ್ತೆ ಸೀಳಬೇಕಿತ್ತು.

ಕಲ್ಮಾರ್ ಪ್ರಯೋಗ

ಗಡುಸಾದ ಈ ತಂತ್ರಜ್ಞಾನವನ್ನೇ ಮನುಷ್ಯರ ಸ್ವಾತಂತ್ರ್ಯಕ್ಕಾಗಿ ಬಳಸಿದ ಅಪರೂಪದ ನಿದರ್ಶನ ಸ್ವೀಡನ್ನಿನ ಕಲ್ಮಾರ್ ಪಟ್ಟಣದಲ್ಲಿ ದೊರೆಯುತ್ತದೆ. ಅಂದಿನ ಸ್ವೀಡಿಷ್ ಕಾರು ಉದ್ಯಮವನ್ನು ಕಾರ್ಮಿಕರ ಗೈರುಹಾಜರಿ ಮತ್ತು ಕೆಲಸ ಬಿಡುವ ಪ್ರವೃತ್ತಿಗಳು ಕಾಡುತ್ತಿದ್ದವು. ಪೆರ್ ಯಿಲ್ಲೆನ್‌ಹಮ್ಮರ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ, 1974ರಲ್ಲಿ, ವೋಲ್ವೊ ಸಂಸ್ಥೆ ಕಲ್ಮಾರ್‌ನಲ್ಲಿ ಸಾಂಪ್ರದಾಯಿಕ ಜೋಡಣಾ ಸರಪಣಿಯಿಲ್ಲದ ಕಾರ್ಖಾನೆಯನ್ನು ತೆರೆಯಿತು. ಬ್ಯಾಟರಿ ಚಾಲಿತ ಬಂಡಿಗಳು ನೆಲದ ಜಾಡನ್ನು ಅನುಸರಿಸಿ ಕಾರಿನ ಒಡಲನ್ನು ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಒಯ್ಯುತ್ತಿದ್ದವು. ಕಾರಿನ ತಳಭಾಗದ ಕೆಲಸಕ್ಕೆ ಒಡಲನ್ನು ಪಕ್ಕಕ್ಕೆ ಮಗುಚುವ ಅನುಕೂಲವೂ ಇತ್ತು. ತಂಡಗಳ ನಡುವೆ ಬಂಡಿಗಳು ತಂಗಲು ಜಾಗವಿದ್ದುದರಿಂದ, ಒಂದು ತಂಡವು ಕೆಲಸವನ್ನು ಬೇಗ ಮುಗಿಸಿ ಬಿಡುವು ಪಡೆಯುವುದು ಸಾಧ್ಯವಾಗಿತ್ತು.

ಆದರೆ ಬಂಡಿಗಳ ಚಲನೆಯನ್ನು ಕೇಂದ್ರ ಗಣಕವು ನಿರ್ದೇಶಿಸುತ್ತಿದ್ದುದರಿಂದ ಈ ಸ್ವಾತಂತ್ರ್ಯಕ್ಕೆ ಮಿತಿಯೂ ಇತ್ತು. ಕಾರ್ಖಾನೆ 1994ರಲ್ಲಿ ಮುಚ್ಚಿತು. ಹಾಗಿದ್ದರೂ ಕಲ್ಮಾರ್ ಸ್ಪಷ್ಟಪಡಿಸಿದ ಸಂಗತಿ ಮಹತ್ವದ್ದು: ಬಂಡಿಯ ಹಾದಿ ಸ್ಥಿರವಾಗಿದ್ದರೂ ಕಾರ್ಮಿಕನ ಲಯ ನಮ್ಯವಾಗಿರಬಹುದು.

ಗಣಕದೊಳಗಿನ ಹಾದಿ

ಬಂಡಿಗಳ ಸಂಖ್ಯೆ ಹೆಚ್ಚಿದಂತೆ ಹೊಸ ತೊಡಕು ಎದುರಾಯಿತು. ಡಿಕ್ಕಿಯನ್ನು ತಪ್ಪಿಸಲು ಹಾದಿಯನ್ನು ತುಂಡುಗಳಾಗಿ ವಿಂಗಡಿಸಿ, ಒಂದು ತುಂಡಿನಲ್ಲಿ ಒಂದೇ ಬಂಡಿ ಇರಬೇಕೆಂಬ ನಿಯಮವನ್ನು ರೈಲ್ವೆಯ ಮಾದರಿಯಲ್ಲಿ ಅಳವಡಿಸಲಾಯಿತು. ಆದರೆ ಒಂದು ಬಂಡಿ ಎರಡನೆಯದರ ಜಾಗಕ್ಕೂ ಎರಡನೆಯದು ಮೂರನೆಯದರ ಜಾಗಕ್ಕೂ ಮೂರನೆಯದು ಮೊದಲನೆಯದರ ಜಾಗಕ್ಕೂ ಕಾಯುತ್ತ ನಿಂತರೆ ಯಾವುದೂ ಕದಲದು. ಗಣಕ ವಿಜ್ಞಾನದಲ್ಲಿ ಇಂತಹ ಸ್ಥಿತಿಯ ಲಕ್ಷಣಗಳನ್ನು 1971ರಲ್ಲಿ ಕಾಫ್‌ಮನ್ ಮತ್ತು ಅವರ ಸಹಲೇಖಕರು ನಿರೂಪಿಸಿದ್ದರು. ಚಾಲಕರು ಕೈಸನ್ನೆಯಿಂದ ಬಿಡಿಸಿಕೊಳ್ಳುತ್ತಿದ್ದ ಗಂಟನ್ನು ಈಗ ನಿಯಮಗಳ ಮೂಲಕ ಬಿಡಿಸಬೇಕಾಯಿತು. ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಅತಿ ಹ್ರಸ್ವ ಹಾದಿಯ ಗಣನಕ್ರಮವಾಗಲಿ ಅದರ ಮುಂದಿನ ರೂಪಗಳಾಗಲಿ ಒಂಟಿ ಬಂಡಿಗೆ ದಾರಿ ತೋರಬಲ್ಲವು. ನೂರಾರು ಬಂಡಿಗಳ ನಡುವೆ ದಾರಿ ಬಿಟ್ಟುಕೊಡುವ ಮರ್ಯಾದೆಯನ್ನು ಬೇರೆಯಾಗಿಯೇ ರೂಪಿಸಬೇಕಿತ್ತು.

ಇದೇ ಅವಧಿಯಲ್ಲಿ ಬಂಡಿಯು ನೆಲದ ತಂತಿಯಿಂದಲೂ ಬಿಡುಗಡೆ ಹೊಂದಿತು. ಗೋಡೆಗಳ ಮೇಲಿನ ಪ್ರತಿಫಲಕಗಳಿಗೆ ಲೇಸರ್ ಕಿರಣ ಹಾಯಿಸಿ ಬಂಡಿಯು ತನ್ನ ಸ್ಥಾನವನ್ನು ಲೆಕ್ಕಹಾಕುವ ಕ್ರಮ 1990ರ ದಶಕದಲ್ಲಿ ಹರಡಿತು. ಅಲ್ಲಿಂದ ಮುಂದೆ ಹಾದಿಯೆಂಬುದು ಗಣಕದಲ್ಲಿ ಅಳಿಸಿ ಬರೆಯಬಹುದಾದ ರೇಖೆಯಾಯಿತು.

ನಡೆಯುವ ಕಪಾಟು, ನಿಂತ ಕೆಲಸಗಾರ

2003ರಲ್ಲಿ ಮಿಕ್ ಮೌಂಟ್ಜ್ ಅಮೆರಿಕದಲ್ಲಿ ಸ್ಥಾಪಿಸಿದ ಕೀವಾ ಸಿಸ್ಟಮ್ಸ್ ಸಂಸ್ಥೆ ಉಗ್ರಾಣದ ರೂಢಿಯನ್ನೇ ತಿರುವುಮುರುವು ಮಾಡಿತು. ಕೆಲಸಗಾರನು ಕಪಾಟಿನ ಬಳಿಗೆ ಹೋಗುವ ಬದಲು, ತಗ್ಗಾದ ಬಂಡಿಯೊಂದು ಕಪಾಟಿನ ಅಡಿಗೆ ನುಸುಳಿ ಅದನ್ನೇ ಎತ್ತಿಕೊಂಡು ಕೆಲಸಗಾರನ ಬಳಿಗೆ ಬರುತ್ತದೆ. ನೆಲಕ್ಕೆ ಅಂಟಿಸಿದ ಸಂಕೇತಚೀಟಿಗಳನ್ನು ಓದಿ ಬಂಡಿ ತನ್ನ ನೆಲೆಯನ್ನು ಅರಿಯುತ್ತದೆ. ಮೌಂಟ್ಜ್, ಪೀಟರ್ ವುರ್ಮನ್ ಮತ್ತು ರಫಾಯೆಲ್ಲೊ ಡಿ'ಆಂಡ್ರಿಯಾ 2008ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಏರ್ಪಾಡನ್ನು ವಿವರಿಸುತ್ತದೆ. ಕೆಲಸ ಹಂಚುವುದು ಒಂದು ಘಟಕದ ಹೊಣೆಯಾದರೆ, ಹಾದಿಯನ್ನು ಯೋಜಿಸುವುದು ಆಯಾ ಬಂಡಿಯ ಪ್ರತಿನಿಧಿ ತಂತ್ರಾಂಶದ ಹೊಣೆ. ಬೇಡಿಕೆ ಹೆಚ್ಚಿರುವ ಸರಕಿನ ಕಪಾಟುಗಳು ಕ್ರಮೇಣ ಮುಂದಕ್ಕೂ ಉಳಿದವು ಹಿಂದಕ್ಕೂ ಸರಿಯುತ್ತವೆ. ಹಿಂದೆ ಉಗ್ರಾಣಿಗನ ನೆನಪಿನಲ್ಲಿದ್ದ ತಿಳಿವಳಿಕೆ ಇಲ್ಲಿ ಗಣಕದ ಲೆಕ್ಕವಾಗಿದೆ. 2012ರಲ್ಲಿ ಅಮೆಜಾನ್ ಈ ಸಂಸ್ಥೆಯನ್ನು ಸುಮಾರು 77.5 ಕೋಟಿ ಡಾಲರಿಗೆ ಕೊಂಡುಕೊಂಡಿತು.

ಕಲ್ಮಾರ್‌ನೊಂದಿಗೆ ಹೋಲಿಸಿದಾಗ ಇಲ್ಲಿನ ವೈರುಧ್ಯ ಎದ್ದು ಕಾಣುತ್ತದೆ. ಅಲ್ಲಿ ಬಂಡಿ ಜಾಡಿಗೆ ಕಟ್ಟುಬಿದ್ದು ಕಾರ್ಮಿಕನಿಗೆ ಬಿಡುವು ದೊರೆಯಿತು. ಇಲ್ಲಿ ಬಂಡಿ ಸ್ವತಂತ್ರವಾಗಿ, ಕೆಲಸಗಾರನು ಒಂದೇ ತಾಣದಲ್ಲಿ ನಿಂತನು. ನಡೆದಾಟದ ದಣಿವು ತಪ್ಪಿತೆಂಬುದು ನಿಜ. ಆದರೆ ಯಾವುದನ್ನು ಯಾವಾಗ ತೆಗೆಯಬೇಕೆಂಬ ತೀರ್ಮಾನವೂ ಅವನ ಕೈಯಿಂದ ಜಾರಿತು.

ಆದಾಗ್ಯೂ ಮನುಷ್ಯನು ಅಲ್ಲಿಂದ ಸಂಪೂರ್ಣವಾಗಿ ಹೊರಬಿದ್ದಿಲ್ಲ. ವಸ್ತು ನೆಲಕ್ಕೆ ಬಿದ್ದರೆ, ಬಂಡಿ ಕೆಟ್ಟು ನಿಂತರೆ, ಯಾರಾದರೂ ಒಳಹೋಗಲೇಬೇಕು. ಇದಕ್ಕಾಗಿ ಅಮೆಜಾನ್ 2019ರಲ್ಲಿ ಪ್ರಚುರಪಡಿಸಿದ ಒಂದು ಅಂಗಿಪಟ್ಟಿಯಲ್ಲಿ ಸಂವೇದಕಗಳಿದ್ದು, ಅದನ್ನು ತೊಟ್ಟವನ ಇರವನ್ನು ತಿಳಿದು ಬಂಡಿಗಳು ವೇಗ ತಗ್ಗಿಸುತ್ತವೆ. ಒಂದು ಕಾಲಕ್ಕೆ ಬಂಡಿ ಹೊಡೆಯುತ್ತಿದ್ದವನು ಈಗ ಬಂಡಿಗಳು ಬಳಸಿ ಹೋಗಬೇಕಾದ ಒಂದು ಗುರುತಾಗಿ ಆ ನೆಲಕ್ಕೆ ಮರಳಿದ್ದಾನೆ.

ಒಟ್ಟಿನಲ್ಲಿ, ನಮ್ಯತೆಯನ್ನು ಯಂತ್ರದ ಗುಣವೆಂದಷ್ಟೇ ತಿಳಿಯಲಾಗದು. ತೀರ್ಮಾನಿಸುವ ಅಧಿಕಾರವನ್ನು ಮನುಷ್ಯ ಮತ್ತು ಯಂತ್ರಗಳ ನಡುವೆ ಹಂಚುವ ಬಗೆಯೇ ಅದು. ಚಾಲಕನ ತಿಳಿವಳಿಕೆಯಲ್ಲಿ ನಿಯಮವಾಗಬಲ್ಲ ಭಾಗವು ಗಣಕವನ್ನು ಸೇರಿದೆ. ಸನ್ನೆ, ಸಲುಗೆ, ಪರಸ್ಪರ ಮರ್ಯಾದೆಗಳಾಗಿ ಉಳಿದ ಭಾಗವನ್ನು ಬಲ್ಲವರು ಇನ್ನೂ ಅನೇಕ ಉಗ್ರಾಣಗಳಲ್ಲಿ ದುಡಿಯುತ್ತಿದ್ದಾರೆ. ಯಂತ್ರದ ವಿನ್ಯಾಸಗಳು ಕಡತಗಳಲ್ಲಿ ಉಳಿಯುತ್ತವೆ. ಈ ತಿಳಿವಳಿಕೆಗೆ ಕಡತವಿಲ್ಲ. ಅದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವುದು ವೃತ್ತಿ ಜಾನಪದದ ಅಧ್ಯಯನವು ತಡಮಾಡದೆ ಕೈಗೊಳ್ಳಬೇಕಾದ ಕೆಲಸವಾಗಿದೆ.